ಪದವಿಯ ಮುಂದಿನ ಪಾಠ: ಲೆಕ್ಕವರಿತ ಕಾಯಕ

ಪರೀಕ್ಷೆಯ ಫಲಿತಾಂಶ ಬಂದ ವಾರ ಮಠದ ಅಂಗಳದಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಪ್ರಸಾದನಿಲಯದಲ್ಲಿದ್ದು ಪದವಿ ಮುಗಿಸಿದ ಹುಡುಗ, ಅವನ ಹಿಂದೆ ಊರಿನಿಂದ ಬಂದ ತಂದೆತಾಯಿ, ಅವರ ಕೈಯಲ್ಲಿ ಹೂವು, ಹಣ್ಣು, ಕಾಯಿ. ಗದ್ದುಗೆಗೆ ನಮಸ್ಕರಿಸಿ, ಪೂಜ್ಯರ ಆಶೀರ್ವಾದ ಪಡೆದು ಹೊರಬರುವಾಗ ಹಿರಿಯರೊಬ್ಬರು ಕೇಳುವ ಪ್ರಶ್ನೆ ಒಂದೇ: "ಮುಂದೇನು ಮಾಡಬೇಕೆಂದಿದ್ದೀಯಪ್ಪ?" ಹುಡುಗನ ಉತ್ತರವೂ ಬಹುಮಟ್ಟಿಗೆ ಒಂದೇ: "ಯಾವುದಾದರೂ ಕೆಲಸ ಸಿಕ್ಕರೆ ಸಾಕ್ರಿ."

ಈ ಉತ್ತರದಲ್ಲಿ ವಿನಯವಿದೆ, ಮನೆಯ ಬಡತನದ ಅರಿವೂ ಇದೆ. ಆದರೆ "ಯಾವುದಾದರೂ" ಎಂಬ ಆ ಒಂದು ಪದದಲ್ಲಿ ಶಿಕ್ಷಣದ ದೊಡ್ಡದೊಂದು ಕೊರತೆ ಅಡಗಿದೆ. ಹದಿನೈದು ವರ್ಷ ಶಾಲೆ ಕಾಲೇಜುಗಳಲ್ಲಿ ಕಳೆದ ತರುಣನಿಗೆ ತಾನು ಏನನ್ನು ಮಾಡಬಲ್ಲೆ, ಅದರಿಂದ ಯಾರಿಗೆ ಉಪಯೋಗ, ಆ ಉಪಯೋಗಕ್ಕೆ ಅವರು ಎಷ್ಟು ಹಣ ಕೊಟ್ಟಾರು ಎಂಬ ಮೂರು ಪ್ರಶ್ನೆಗಳನ್ನು ಯಾರೂ ಕೇಳಿಲ್ಲ. ಅವನೂ ತನ್ನನ್ನು ತಾನು ಕೇಳಿಕೊಂಡಿಲ್ಲ. ಕೆಲಸವೆಂದರೆ ಯಾರೋ ಕರುಣೆಯಿಂದ ಕೊಡುವ ವಸ್ತು ಎಂದೇ ಅವನು ತಿಳಿದಿದ್ದಾನೆ. ಹೀಗೆ ತಿಳಿದವನು ಕೆಲಸವನ್ನು ಬೇಡುತ್ತಾನೆ. ಬೇಡುವವನಿಗೆ ಸಿಕ್ಕಿದ್ದೇ ಸಂಬಳ, ಹೇಳಿದ್ದೇ ಷರತ್ತು.

ಈ ಅಂತರವನ್ನು ಸರ್ಕಾರವೂ ಗುರುತಿಸಿದೆ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಯುವನಿಧಿ ಯೋಜನೆಯು, ತೇರ್ಗಡೆಯಾಗಿ ಆರು ತಿಂಗಳಾದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷಗಳವರೆಗೆ ಕೊಡಲು ಹೊರಟಿತು. ಪದವಿಗೂ ಉದ್ಯೋಗಕ್ಕೂ ನಡುವೆ ದಾಟಬೇಕಾದ ಹೊಳೆಯೊಂದಿದೆ ಎಂಬುದನ್ನು ಒಪ್ಪಿಕೊಂಡ ಕ್ರಮವಿದು. ಹಣವು ದಡದಲ್ಲಿ ಕಾಯುವವನಿಗೆ ಆಸರೆಯಾದೀತು, ನಿಜ. ಆದರೆ ಈಜು ಕಲಿಸುವ ಹೊಣೆ ಯಾರದು ಎಂಬುದು ಬೇರೆಯೇ ಪ್ರಶ್ನೆ.

ಇಂದು ಉದ್ಯೋಗ ಕೌಶಲ್ಯದ ಹೆಸರಿನಲ್ಲಿ ಕಾಲೇಜುಗಳಲ್ಲಿ ಶಿಬಿರಗಳು ನಡೆಯುತ್ತಿಲ್ಲವೆಂದಲ್ಲ. ಸ್ವವಿವರ ಬರೆಯುವ ಬಗೆ, ಸಂದರ್ಶನದಲ್ಲಿ ಕುಳಿತುಕೊಳ್ಳುವ ಬಗೆ, ಇಂಗ್ಲಿಷಿನಲ್ಲಿ ತನ್ನನ್ನು ಪರಿಚಯಿಸಿಕೊಳ್ಳುವ ನಾಲ್ಕು ವಾಕ್ಯ, ಶೂ ಮತ್ತು ಟೈ ಇವುಗಳನ್ನು ಹೇಳಿಕೊಡಲಾಗುತ್ತದೆ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಕ್ರಮ ತಲೆಕೆಳಗಾಗಿದೆ. ಬಾಗಿಲನ್ನು ತಟ್ಟುವುದು ಹೇಗೆಂದು ಕಲಿತ ಹುಡುಗನಿಗೆ ಆ ಮನೆಯೊಳಗೆ ಬದುಕು ಹೇಗೆ ನಡೆಯುತ್ತದೆಂಬುದು ತಿಳಿದಿಲ್ಲ. ಸಂದರ್ಶನದ ಪಾಠಕ್ಕಿಂತ ಮೊದಲು ವ್ಯವಹಾರದ ಪಾಠ ಬರಬೇಕು. ಅಂಗಡಿಯೊಂದು, ಕಾರ್ಖಾನೆಯೊಂದು, ಕಚೇರಿಯೊಂದು ಹೇಗೆ ಉಸಿರಾಡುತ್ತದೆಂಬ ಅರಿವು ಕಲಾ ವಿಭಾಗದ ವಿದ್ಯಾರ್ಥಿಗೂ ವಿಜ್ಞಾನದ ವಿದ್ಯಾರ್ಥಿನಿಗೂ ಸಮಾನವಾಗಿ ದೊರೆಯಬೇಕು. ಈ ಬರಹದ ಪ್ರತಿಪಾದನೆ ಇಷ್ಟೇ.

ಶರಣ ಪರಂಪರೆಗೆ ಇದು ಹೊರಗಿನ ವಿಷಯವೇನೂ ಅಲ್ಲ. ಬಸವಣ್ಣನವರು ಕರಣಿಕರಾಗಿ ವೃತ್ತಿಯನ್ನು ಆರಂಭಿಸಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದವರೆಂದು ಪರಂಪರೆ ಹೇಳುತ್ತದೆ. ಎಂದರೆ ಅವರು ಲೆಕ್ಕದ ಕೆಲಸದಿಂದಲೇ ಮೇಲೆ ಬಂದವರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಹೆಸರಿನ ಮುಂದೆ ಕೆಲಸವನ್ನೇ ಇಟ್ಟುಕೊಂಡ ಆ ಜನ "ಯಾವುದಾದರೂ ಕೆಲಸ" ಎನ್ನಲಿಲ್ಲ. ಪ್ರತಿಯೊಬ್ಬರಿಗೂ ತನ್ನ ಕೆಲಸದ ಗುರುತಿತ್ತು, ಅದರ ಅಳತೆಯೂ ತಿಳಿದಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಮಡದಿ ಲಕ್ಕಮ್ಮ ಆ ಹೆಚ್ಚಳವನ್ನು ಒಪ್ಪದೆ ಹಿಂದಿರುಗಿಸುವಂತೆ ಹೇಳಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಅದನ್ನು ನಿರಾಶೆಯ ಕಥೆಯಾಗಿ ಅಲ್ಲ, ನಿರಾಸೆಯ ಕಥೆಯಾಗಿ, ಆಸೆಯನ್ನು ಗೆದ್ದ ಕಥೆಯಾಗಿ ಓದುವುದು ವಾಡಿಕೆ. ಅದರೊಳಗೆ ಮತ್ತೊಂದು ಅಂಶವೂ ಇದೆ. ದಿನಕ್ಕೆ ಎಷ್ಟು ಅಕ್ಕಿ ಬೇಕು ಎಂಬ ಖಚಿತವಾದ ಲೆಕ್ಕ ಲಕ್ಕಮ್ಮನಿಗೆ ಇದ್ದುದರಿಂದಲೇ ಹೆಚ್ಚಾಗಿ ಬಂದುದು ಆಕೆಯ ಕಣ್ಣಿಗೆ ಬಿತ್ತು. ಲೆಕ್ಕವಿಲ್ಲದ ಮನೆಯಲ್ಲಿ ಹೆಚ್ಚೂ ಗೊತ್ತಾಗುವುದಿಲ್ಲ, ಕಡಿಮೆಯೂ ಗೊತ್ತಾಗುವುದಿಲ್ಲ.

ವ್ಯವಹಾರದ ಮೊದಲ ಪಾಠವೆಂದರೆ ಗಿರಾಕಿಯನ್ನು ಅರಿಯುವುದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇದಕ್ಕೆ ಹತ್ತಿರದ ನಿದರ್ಶನ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೆ ಹೆಸರಾದುದಲ್ಲ. ಅದರ ಖಾರ ಕಡಿಮೆ, ಬಣ್ಣ ಕಡುಗೆಂಪು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯಿಂದ ತೆಗೆಯುವ ಸಾರವು ಆಹಾರ ಪದಾರ್ಥಗಳಿಗೂ ಸೌಂದರ್ಯ ಸಾಧನಗಳಿಗೂ ಬಣ್ಣ ಕೊಡುತ್ತದೆ. ಮೆಣಸಿನಕಾಯಿ ಎಂದರೆ ಖಾರವೆಂದು ತಿಳಿದವನು ಅಲ್ಲಿ ಬೆಲೆ ಕಟ್ಟಲಾರ. ಕೊಳ್ಳುವವನು ಬಣ್ಣಕ್ಕೂ ಹಣ ಕೊಡುತ್ತಾನೆಂದು ಬಲ್ಲವನು ಮಾತ್ರ ಕಟ್ಟಬಲ್ಲ. ಮಾರುವವನ ಅಭಿಮಾನ ಬೆಲೆಯನ್ನು ನಿರ್ಧರಿಸುವುದಿಲ್ಲ, ಕೊಳ್ಳುವವನ ಅಗತ್ಯ ನಿರ್ಧರಿಸುತ್ತದೆ. ಪದವೀಧರನಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅಂಕಪಟ್ಟಿಯ ಶೇಕಡಾವಾರು ಅವನ ಅಭಿಮಾನವಾದರೆ, ಸಂಸ್ಥೆಗೆ ಬೇಕಾದುದು ಬೇರೊಂದು ಇರಬಹುದು. ಒಂದು ಔಷಧದಂಗಡಿಗೆ ಬೇಕಾದುದು ದಾಸ್ತಾನನ್ನು ತಪ್ಪಿಲ್ಲದೆ ಬರೆದಿಡುವವನು. ಬೀಜ ಗೊಬ್ಬರದ ವ್ಯಾಪಾರಿಗೆ ಬೇಕಾದುದು ರೈತನ ಮಾತನ್ನು ತಾಳ್ಮೆಯಿಂದ ಕೇಳುವವನು. ಕೆಲಸಕ್ಕೆ ಅರ್ಜಿ ಹಾಕುವ ಮುನ್ನ ಆ ಸಂಸ್ಥೆಯ ಗಿರಾಕಿ ಯಾರು, ಅವನ ತೊಂದರೆ ಏನು ಎಂದು ಒಂದು ಗಂಟೆ ವಿಚಾರಿಸಿಕೊಂಡ ಅಭ್ಯರ್ಥಿಯು ಕಂಠಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳವನಿಗಿಂತ ಮುಂದಿರುತ್ತಾನೆ.

ಎರಡನೆಯ ಪಾಠ ವೆಚ್ಚದ ಲೆಕ್ಕ. ಹುಬ್ಬಳ್ಳಿ, ಕಲಬುರಗಿ, ವಿಜಯಪುರದಂಥ ಊರುಗಳಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮನೆಗಳಿಗೂ ಕೊಡುವ ತಾಯಂದಿರ ಉದ್ಯೋಗವನ್ನು ಎಲ್ಲರೂ ಕಂಡಿದ್ದಾರೆ. ಲೆಕ್ಕಕ್ಕಾಗಿ ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ರೊಟ್ಟಿಯ ಮಾರಾಟದ ಬೆಲೆ 8 ರೂಪಾಯಿ ಎಂದಿಟ್ಟುಕೊಳ್ಳೋಣ. ಜೋಳ, ಬೀಸುವ ಕೂಲಿ, ಗ್ಯಾಸ್, ಕಟ್ಟಿಕೊಡುವ ಚೀಲ ಎಲ್ಲ ಸೇರಿ ಒಂದು ರೊಟ್ಟಿಗೆ ತಗಲುವ ಖರ್ಚು ನಾಲ್ಕೂವರೆ ರೂಪಾಯಿ. ಉಳಿಯುವುದು ಮೂರೂವರೆ ರೂಪಾಯಿ. ಇದನ್ನೇ ಲಾಭವೆಂದು ತಿಳಿಯುವವರು ಬಹಳ. ಆದರೆ ರೊಟ್ಟಿ ಬಡಿದರೂ ಬಡಿಯದಿದ್ದರೂ ತಪ್ಪದ ಖರ್ಚುಗಳಿವೆ: ಕೋಣೆಯ ಬಾಡಿಗೆ 3,000, ಕರೆಂಟು 500, ಸಹಾಯಕಿಯ ಸಂಬಳ 9,000, ರೊಟ್ಟಿ ಮುಟ್ಟಿಸುವ ಗಾಡಿಯ ಪೆಟ್ರೋಲು 1,500. ತಿಂಗಳಿಗೆ ಒಟ್ಟು 14,000 ರೂಪಾಯಿ. ಮೂರೂವರೆ ರೂಪಾಯಿಯಂತೆ ಈ ಮೊತ್ತ ಹುಟ್ಟಬೇಕಾದರೆ 4,000 ರೊಟ್ಟಿ ಮಾರಾಟವಾಗಬೇಕು. ತಿಂಗಳಲ್ಲಿ 25 ದಿನ ಕೆಲಸವೆಂದರೆ ದಿನಕ್ಕೆ 160. ನೂರ ಅರುವತ್ತನೆಯ ರೊಟ್ಟಿಯವರೆಗೆ ಆ ತಾಯಿ ಬಾಡಿಗೆಗೂ ಸಂಬಳಕ್ಕೂ ದುಡಿಯುತ್ತಾಳೆ. ನೂರ ಅರುವತ್ತೊಂದನೆಯ ರೊಟ್ಟಿಯಿಂದ ತನಗಾಗಿ ದುಡಿಯುತ್ತಾಳೆ. ವಾಣಿಜ್ಯಶಾಸ್ತ್ರ ಬ್ರೇಕ್ ಈವನ್ ಎಂದು ಕರೆಯುವ ಬಿಂದು ಇದೇ.

ಆಕೆ ದಿನಕ್ಕೆ 300 ರೊಟ್ಟಿ ಮಾರುತ್ತಾಳೆಂದರೆ ತಿಂಗಳಿಗೆ 7,500 ರೊಟ್ಟಿ. ಮೂರೂವರೆ ರೂಪಾಯಿಯಂತೆ 26,250 ರೂಪಾಯಿ, ಅದರಲ್ಲಿ 14,000 ಕಳೆದರೆ ಉಳಿಯುವುದು 12,250. ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಆಕೆಯ ದುಡಿಮೆಗೆ ಸಂಬಳ ಹಿಡಿದಿಲ್ಲ. ಬೇರೆಡೆ ದುಡಿದಿದ್ದರೆ 10,000 ಸಿಗುತ್ತಿತ್ತೆಂದಾದರೆ, ಉದ್ಯೋಗದ ನಿಜವಾದ ಲಾಭ 2,250 ಮಾತ್ರ. ಹಂಚು ಸವೆಯುವುದು, ಗಾಡಿ ಹಳೆಯದಾಗುವುದು ಎಂಬ ಸವಕಳಿಯೂ ಅದರಲ್ಲೇ ಕಳೆಯಬೇಕು. ಮನೆಯವರ ದುಡಿಮೆಗೆ, ಅದರಲ್ಲೂ ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ "ಲಾಭದಲ್ಲಿದೆ" ಎಂದುಕೊಳ್ಳುವ ಉದ್ಯೋಗಗಳು ಎಷ್ಟೋ ಇವೆ. ಆ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ವ್ಯವಹಾರದ ಪಾಠವೂ ಹೌದು, ನ್ಯಾಯದ ಪಾಠವೂ ಹೌದು.

ಈಗ ಖಾನಾವಳಿಯ ಯಜಮಾನರು "ಒಂದೇ ಒಂದು ರೂಪಾಯಿ ಕಡಿಮೆ ಮಾಡಮ್ಮ" ಎನ್ನುತ್ತಾರೆ. ಒಂದು ರೂಪಾಯಿ ಏನು ಮಹಾ ಎಂದು ಒಪ್ಪಿದರೆ, ರೊಟ್ಟಿಗೆ ಉಳಿಯುವುದು ಎರಡೂವರೆ ರೂಪಾಯಿ. 7,500 ರೊಟ್ಟಿಗೆ 18,750. ಖರ್ಚು ಕಳೆದರೆ 4,750. ಬೆಲೆಯಲ್ಲಿ ಎಂಟರಲ್ಲೊಂದು ಪಾಲು ಬಿಟ್ಟುದಕ್ಕೆ ಕೈಗೆ ಬರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಹಾಗೆಂದು ಯಾವಾಗಲೂ ಬೆಲೆ ಇಳಿಸಬಾರದೆಂದಲ್ಲ. ಖಾನಾವಳಿಯವರು ದಿನಕ್ಕೆ ಎಷ್ಟು ಹೆಚ್ಚು ರೊಟ್ಟಿ ಕೊಂಡರೆ ಆ ಒಂದು ರೂಪಾಯಿ ಮರಳಿ ಬರುತ್ತದೆ ಎಂದು ಕೇಳಲು ಬರಬೇಕು. ಈ ಪ್ರಶ್ನೆ ಕೇಳಬಲ್ಲ ಹುಡುಗಿಗೆ ವ್ಯವಹಾರ ಅರ್ಥವಾಗಿದೆ ಎನ್ನಬಹುದು, ಆಕೆ ಓದಿದುದು ಇತಿಹಾಸವಾಗಿದ್ದರೂ ಸರಿ.

ಮೂರನೆಯ ಪಾಠ ಲಾಭಕ್ಕೂ ನಗದಿಗೂ ಇರುವ ವ್ಯತ್ಯಾಸ. ಎಷ್ಟೋ ಒಳ್ಳೆಯ ಉದ್ಯೋಗಗಳು ಮುಳುಗುವುದು ಇಲ್ಲಿಯೇ. ಅದೇ ತಾಯಿಯ ತಿಂಗಳ ಮಾರಾಟ 60,000 ರೂಪಾಯಿ. ಅದರಲ್ಲಿ ಅರ್ಧ ಖಾನಾವಳಿಗಳಿಗೆ ಒಂದು ತಿಂಗಳ ಉದ್ರಿ. ಮೊದಲ ತಿಂಗಳು ಪೆಟ್ಟಿಗೆಗೆ ಬಂದ ನಗದು 30,000. ಹೊರಗೆ ಹೋದದ್ದು ಎಷ್ಟು? ಜೋಳ ಮೊದಲಾದುದಕ್ಕೆ 33,750, ಇತರ ಖರ್ಚು 14,000, ಒಟ್ಟು 47,750. ಕಿರ್ದಿ ಖತಾವಣಿಯಲ್ಲಿ 12,250 ಉಳಿತಾಯ. ಪೆಟ್ಟಿಗೆಯಲ್ಲಿ 17,750 ಕೊರತೆ! ಎರಡೂ ಸತ್ಯವೇ. ಜೋಳದ ಅಂಗಡಿಯವನು ಖತಾವಣಿಯನ್ನು ನೋಡಿ ಜೋಳ ಕೊಡುವುದಿಲ್ಲ, ಕೈಯಲ್ಲಿ ಹಣ ಕೇಳುತ್ತಾನೆ. ಈ ಕೊರತೆಯನ್ನು ತುಂಬಲು ಇರಬೇಕಾದುದೇ ದುಡಿಯುವ ಬಂಡವಾಳ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಾಲ ದೊರೆಯುತ್ತದೆ. ಆ ಸಾಲ ಇಂಥ ಕೊರತೆಗೆ ಬಳಕೆಯಾದರೆ ಉದ್ಯೋಗ ಉಳಿಯುತ್ತದೆ, ಮನೆಯ ಮದುವೆಗೋ ಹೊಸ ಫೋನಿಗೋ ಬಳಕೆಯಾದರೆ ಕಂತು ಮಾತ್ರ ಉಳಿಯುತ್ತದೆ. ಸಾಲದ ಹಣವನ್ನು ಗಳಿಕೆಯೆಂದು ಭ್ರಮಿಸುವುದು ಮೊದಲ ತಪ್ಪು. ಅಂಗಡಿಯ ಪೆಟ್ಟಿಗೆಗೂ ಮನೆಯ ಪೆಟ್ಟಿಗೆಗೂ ನಡುವೆ ಗೋಡೆ ಇಲ್ಲದಿರುವುದು ಎರಡನೆಯ ತಪ್ಪು.

"ಉದ್ಯೋಗ ಹುಡುಕುವವನಿಗೆ ಮಾಲೀಕನ ಲೆಕ್ಕ ಏಕೆ?" ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ಆ ರೊಟ್ಟಿಯ ಲೆಕ್ಕದಲ್ಲೇ ಇದೆ. ಸಹಾಯಕಿಯ 9,000 ರೂಪಾಯಿ ಸಂಬಳ ಮಾಲೀಕಳ ಜೇಬಿನಿಂದ ಬರುವುದಿಲ್ಲ, 2,572 ರೊಟ್ಟಿಗಳಿಂದ ಬರುತ್ತದೆ. ಅದನ್ನು ಬಲ್ಲ ಸಹಾಯಕಿ ಸೀದುಹೋದ ರೊಟ್ಟಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾಳೆ. ತನ್ನ ಕೈಚಳಕದಿಂದ ದಿನಕ್ಕೆ ಐವತ್ತು ರೊಟ್ಟಿ ಹೆಚ್ಚಾದರೆ ಮಾಲೀಕಳಿಗೆ ಎಷ್ಟು ಹೆಚ್ಚು ದಕ್ಕುತ್ತದೆಂಬುದನ್ನೂ ಬಲ್ಲಳು. ಆಗ ಸಂಬಳ ಹೆಚ್ಚಿಸಿರೆಂದು ಕೇಳುವ ಮಾತು ಬೇಡಿಕೆಯಾಗಿರುವುದಿಲ್ಲ, ಲೆಕ್ಕವಾಗಿರುತ್ತದೆ. ಲೆಕ್ಕ ಬಲ್ಲವರಲ್ಲಿ ನಿಷ್ಠೆಯೂ ಇರುತ್ತದೆ, ಸ್ವಾಭಿಮಾನವೂ ಇರುತ್ತದೆ. ಈ ಎರಡೂ ಸೇರಿದರೇನೇ ಉದ್ಯೋಗಾರ್ಹತೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಾಯಕವೆಂಬ ಪವಿತ್ರ ಪದವನ್ನು ಕೆಲವೊಮ್ಮೆ ಕಡಿಮೆ ಸಂಬಳವನ್ನು ಸಮರ್ಥಿಸಲು ಬಳಸುವುದುಂಟು. "ಕಾಯಕವೆಂದು ಮಾಡು, ಹಣದ ಮಾತೇಕೆ" ಎಂದು ದುಡಿಸಿಕೊಳ್ಳುವವನೇ ಹೇಳಿದಾಗ ಆ ಪದಕ್ಕೆ ಅಪಚಾರವಾಗುತ್ತದೆ. ಆಸೆಯನ್ನು ಬಿಡುವುದು ದುಡಿಯುವವನ ಆಯ್ಕೆಯೇ ಹೊರತು ದುಡಿಸಿಕೊಳ್ಳುವವನ ಸವಲತ್ತಲ್ಲ. ಲಕ್ಕಮ್ಮ ತನ್ನ ಮನೆಗೆ ಬಂದ ಹೆಚ್ಚನ್ನು ಬಿಟ್ಟಳು. ಇನ್ನೊಬ್ಬರ ಪಾಲನ್ನು ಕಡಿಮೆ ಮಾಡಲಿಲ್ಲ. ಸತ್ಯಶುದ್ಧ ಕಾಯಕವೆಂಬುದು ಇಬ್ಬರನ್ನೂ ಕಟ್ಟುವ ಹಗ್ಗ. ಕೆಲಸ ಮಾಡುವವನು ಸಮಯವನ್ನು ಕದಿಯಬಾರದು, ಮಾಡಿಸುವವನು ಕೂಲಿಯನ್ನು ಕದಿಯಬಾರದು.

ಆದ್ದರಿಂದಲೇ ಸಂಬಳದ ಚೀಟಿಯನ್ನು ಓದಲು ಕಲಿಸುವುದು ಅತ್ಯಗತ್ಯ. ನೇಮಕದ ಸಮಯದಲ್ಲಿ ಹೇಳುವ "ಸಿಟಿಸಿ" ಎಂಬ ಮೊತ್ತ ಕೈಗೆ ಬರುವ ಹಣವಲ್ಲ. ನೌಕರನಿಗಾಗಿ ಸಂಸ್ಥೆಗೆ ತಗಲುವ ಒಟ್ಟು ವೆಚ್ಚ. ಉದಾಹರಣೆಗೆ ತಿಂಗಳಿಗೆ ಒಟ್ಟು ವೇತನ 16,000 ರೂಪಾಯಿ, ಅದರಲ್ಲಿ ಮೂಲವೇತನ 12,000 ಎಂದಿಟ್ಟುಕೊಂಡರೆ, ಭವಿಷ್ಯನಿಧಿಗೆ ಮೂಲವೇತನದ ಶೇಕಡ 12ರಂತೆ 1,440, ಇಎಸ್‌ಐಗೆ ಒಟ್ಟು ವೇತನದ ಶೇಕಡ 0.75ರಂತೆ 120 ಕಡಿತವಾಗಿ ಕೈಗೆ ಬರುವುದು 14,440. ಸಂಸ್ಥೆ ತನ್ನ ಕಡೆಯಿಂದ ಭವಿಷ್ಯನಿಧಿಗೆ ಮತ್ತೆ 1,440, ಇಎಸ್‌ಐಗೆ ಶೇಕಡ 3.25ರಂತೆ 520 ಸೇರಿಸುತ್ತದೆ. ಸಣ್ಣಪುಟ್ಟ ಬಾಬ್ತುಗಳನ್ನು ಬಿಟ್ಟರೂ ಮೊತ್ತ 17,960. "ಹದಿನೆಂಟು ಸಾವಿರದ ಕೆಲಸ" ಎಂದು ಊರಿಗೆ ಹೇಳಿ ಹೋದ ಹುಡುಗ ಹದಿನಾಲ್ಕೂವರೆ ಸಾವಿರ ನೋಡಿ ಮೋಸವಾಯಿತೆಂದು ಕೆಲಸ ಬಿಟ್ಟು ಬರುವುದುಂಟು. ಮೋಸವಾಗಿಲ್ಲ, ಓದು ಬಾರದಾಗಿದೆ ಅಷ್ಟೇ. ಕಡಿತವಾದ ಹಣ ಅವನದೇ ಹೆಸರಿನ ಖಾತೆಗೆ ಹೋಗಿದೆ, ಕಾಯಿಲೆ ಬಂದರೆ ಇಎಸ್‌ಐ ಆಸ್ಪತ್ರೆಯ ಬಾಗಿಲು ಅವನಿಗೂ ಅವನ ಮನೆಯವರಿಗೂ ತೆರೆದಿದೆ. ಇನ್ನೊಂದು ಕಡೆ ಕಡಿತ ಮಾಡಿಯೂ ಖಾತೆಗೆ ಕಟ್ಟದ ಸಂಸ್ಥೆಗಳ ವಿಷಯದಲ್ಲಿ ಮೋಸ ನಿಜವೇ. ತನ್ನ ಯುಎಎನ್ ಸಂಖ್ಯೆಯಲ್ಲಿ ಹಣ ಜಮೆಯಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳುವವನಿಗೆ ಮಾತ್ರ ಈ ಎರಡರ ವ್ಯತ್ಯಾಸ ತಿಳಿಯುತ್ತದೆ.

ಅದಕ್ಕಿಂತ ಮೊದಲೇ ಕಾಯುವ ಬಲೆಯೊಂದಿದೆ. ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಎಂದು ಹಣ ಕೇಳುವವರು ಪ್ರತಿ ನಗರದಲ್ಲೂ ಇದ್ದಾರೆ. ಆಕಳು ಮಾರಿ, ತಾಯಿಯ ಬೋರಮಾಳ ಸರ ಒತ್ತೆಯಿಟ್ಟು ಅವರಿಗೆ ಹಣ ಕಟ್ಟಿದ ಮನೆಗಳ ನೋವು ಪದಗಳಿಗೆ ಸಿಗುವುದಲ್ಲ. ನೆನಪಿಡಬೇಕಾದ ನಿಯಮ ಸರಳ: ದುಡಿಮೆಯ ಮಾರುಕಟ್ಟೆಯಲ್ಲಿ ಹಣ ಹರಿಯುವ ದಿಕ್ಕು ಮಾಡಿಸಿಕೊಳ್ಳುವವನಿಂದ ಮಾಡುವವನ ಕಡೆಗೆ. ಅದು ಹಿಮ್ಮುಖವಾಗಿ ಹರಿದರೆ ಅಲ್ಲಿ ಮಾರಾಟವಾಗುತ್ತಿರುವುದು ಕೆಲಸವಲ್ಲ, ಆಸೆ. ಮೂಲ ಅಂಕಪಟ್ಟಿಗಳನ್ನು ಯಾರ ವಶಕ್ಕೂ ಒಪ್ಪಿಸಿ ಬರಬಾರದು, ಓದದೆ ಯಾವ ಕರಾರಿಗೂ ಸಹಿ ಹಾಕಬಾರದು. ವ್ಯವಹಾರದ ತತ್ತ್ವ ಅರಿತ ವಿದ್ಯಾರ್ಥಿಗೆ ಇದನ್ನು ಬೇರೆಯಾಗಿ ಹೇಳಿಕೊಡಬೇಕಾಗುವುದಿಲ್ಲ.

ಇನ್ನು ಕೌಶಲ್ಯಗಳ ಮಾತು. ಇವು ಪುಸ್ತಕದಿಂದ ಬರುವುದಿಲ್ಲ, ರೂಢಿಯಿಂದ ಬರುತ್ತವೆ. ಹೇಳಿದ ಸಮಯಕ್ಕೆ ಬರುವುದು. ಬರಲಾಗದಿದ್ದರೆ ಮೊದಲೇ ತಿಳಿಸುವುದು. ಅರ್ಥವಾಗದಿದ್ದರೆ ತಲೆಯಾಡಿಸದೆ ಮತ್ತೊಮ್ಮೆ ಕೇಳುವುದು. ತಪ್ಪಾದರೆ ಬಚ್ಚಿಡದೆ ಅದೇ ದಿನ ಹೇಳುವುದು. ಒಪ್ಪಿಕೊಂಡ ಕೆಲಸ ಎಲ್ಲಿಗೆ ಬಂದಿದೆಯೆಂದು ಕೇಳುವ ಮುನ್ನವೇ ತಿಳಿಸುವುದು. ಇವುಗಳಲ್ಲಿ ಯಾವುದಕ್ಕೂ ಇಂಗ್ಲಿಷ್ ಬೇಕಿಲ್ಲ. ಕನ್ನಡದಲ್ಲಿ ಹತ್ತು ಸಾಲಿನ ಸ್ಪಷ್ಟವಾದ ಪತ್ರ ಬರೆಯಲಾರದವನು ಇಂಗ್ಲಿಷಿನಲ್ಲಿಯೂ ಬರೆಯಲಾರ. ಆಲೋಚನೆ ಸ್ಪಷ್ಟವಾದವನಿಗೆ ಮತ್ತೊಂದು ಭಾಷೆ ಕಷ್ಟವಾದರೂ ದಕ್ಕುತ್ತದೆ. ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಅದು ಇಂದಿನ ಅಗತ್ಯ. ಆದರೆ ಅದು ಬಾರದೆಂಬ ಕೀಳರಿಮೆಯಲ್ಲಿ ಬರುವ ನೂರು ಗುಣಗಳನ್ನು ಮರೆತು ಕುಳಿತುಕೊಳ್ಳುವುದು ಬೇಡ.

ಅನುಭವದಿಂದ ಕಲಿಸುವ ಈ ದಾರಿಗೆ ನಾಡಿನಲ್ಲೇ ಉತ್ತಮ ಮಾದರಿಗಳಿವೆ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಅವರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಪ್ರತಿನಿಧಿಯೊಬ್ಬ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಸಂಗ್ರಹಿಸುತ್ತಿದ್ದ. ದಿನಗೂಲಿಯವನ ಕೈಗೆ ಹಣ ದಿನವೂ ಬರುತ್ತದೆ, ದಿನವೂ ಹೋಗುತ್ತದೆ; ತಿಂಗಳ ಕೊನೆಗೆ ಉಳಿಸು ಎಂದರೆ ಉಳಿಯದು ಎಂಬ ಸಣ್ಣ ಸತ್ಯವನ್ನು ಅರಿತವರ ಯೋಜನೆಯದು. ಗಿರಾಕಿಯ ಬದುಕನ್ನು ಕಣ್ಣಾರೆ ಕಂಡು ಕಟ್ಟಿದ ವ್ಯವಹಾರ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಹೆಸರು ಪೇಟೆಯ ಬಾಯಲ್ಲಿ ಇನ್ನೂ ಉಳಿದಿದೆ.

1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಆ ಕಾಲದ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳೊಡನೆ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯೂ ಇದೇ ದಾರಿಯದು. ನಿರುದ್ಯೋಗಿ ತರುಣರಿಗೆ ಊಟ ವಸತಿಯೊಡನೆ ಉಚಿತವಾಗಿ ಅಲ್ಪಾವಧಿ ತರಬೇತಿ ಕೊಟ್ಟು, ಬ್ಯಾಂಕಿನ ಸಾಲದೊಡನೆ ಜೋಡಿಸಿ, ತರಬೇತಿಯ ನಂತರವೂ ಸಂಪರ್ಕ ಬಿಡದಿರುವುದು ಅದರ ವಿಧಾನ. ಅದೇ ಮಾದರಿಯನ್ನು ಅನುಸರಿಸಿದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಧಾರ್ಮಿಕ ಕ್ಷೇತ್ರವೊಂದು ಉದ್ಯೋಗದ ಶಿಕ್ಷಣವನ್ನು ತನ್ನ ಕೆಲಸವೆಂದು ತಿಳಿದಾಗ ಏನಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಇನ್ನು 1961ರ ಶಿಶಿಕ್ಷು ಕಾಯಿದೆಯಡಿ ಸಂಸ್ಥೆಗಳಲ್ಲಿ ಭತ್ಯೆ ಪಡೆಯುತ್ತಾ ಕೆಲಸ ಕಲಿಯುವ ಅವಕಾಶವಿದೆ. ಪದವೀಧರರಿಗೂ ಈ ದಾರಿ ತೆರೆದಿದೆ ಎಂಬುದು ಅನೇಕ ಮನೆಗಳಿಗೆ ತಿಳಿಯದು.

ಮಠಗಳಲ್ಲಿ ಇದನ್ನು ಆರಂಭಿಸಲು ಕಟ್ಟಡವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಪ್ರಸಾದನಿಲಯದ ಉಗ್ರಾಣವೇ ಸಾಕು. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ತಿಂಗಳು ಉಗ್ರಾಣದ ಲೆಕ್ಕ ಒಪ್ಪಿಸಬಹುದು. ಎಷ್ಟು ಅಕ್ಕಿ ಬಂತು, ಎಷ್ಟು ಹೋಯಿತು, ಇಂದು ಎಷ್ಟು ಜನ ಪ್ರಸಾದ ಸ್ವೀಕರಿಸಿದರು, ಎಷ್ಟು ಅನ್ನ ಉಳಿಯಿತು, ತಲೆಗೆ ಎಷ್ಟು ವೆಚ್ಚ ಬಿತ್ತು ಎಂದು ಪ್ರತಿರಾತ್ರಿ ಬರೆದು, ತಿಂಗಳ ಕೊನೆಗೆ ಹಿರಿಯರ ಮುಂದೆ ಓದಲಿ. ಮುಂದಿನ ತಿಂಗಳ ಬೇಳೆಗೆ ಮೂರು ಅಂಗಡಿಗಳಲ್ಲಿ ದರ ವಿಚಾರಿಸಿ, ಯಾವುದನ್ನು ಏಕೆ ಆರಿಸಿದರೆಂದು ಒಂದು ಪುಟ ಬರೆಯಲಿ. ಮಠದ ಭಕ್ತರಲ್ಲಿ ಅಂಗಡಿ, ಮಿಲ್ಲು, ಮುದ್ರಣಾಲಯ, ಆಸ್ಪತ್ರೆ ನಡೆಸುವವರು ಅನೇಕರಿದ್ದಾರೆ. ಅವರು ಭಾಷಣ ಮಾಡುವ ಬದಲು ಎರಡು ರವಿವಾರ ತಮ್ಮ ಲೆಕ್ಕದ ಪುಸ್ತಕವನ್ನು ಬಿಚ್ಚಿ ತೋರಿಸಿದರೆ, ತಮಗಾದ ನಷ್ಟ ಯಾವ ತಪ್ಪಿನಿಂದ ಆಯಿತೆಂದು ಹೇಳಿದರೆ, ಅದಕ್ಕಿಂತ ದೊಡ್ಡ ದಾಸೋಹ ಬೇರೆ ಯಾವುದಿದೆ? ಅನ್ನದ ದಾಸೋಹ ಆ ಹೊತ್ತಿನ ಹಸಿವನ್ನು ನೀಗಿಸಿದರೆ, ಈ ದಾಸೋಹ ಬದುಕಿನುದ್ದಕ್ಕೂ ಜೊತೆಗಿರುತ್ತದೆ.

ಮಠದಲ್ಲಿ ಅನುಭಾವದ ಮಾತಿರಬೇಕು, ಪೇಟೆಯ ಮಾತೇಕೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪಿಸುವವರ ಕಳಕಳಿ ಗೌರವಾರ್ಹವೇ. ವ್ಯಾಪಾರವೆಂದರೆ ಮೋಸವೆಂಬ ಭಾವನೆ ಜನಮನದಲ್ಲಿ ಬೇರೂರಿರುವುದಕ್ಕೂ ಕಾರಣಗಳಿವೆ. ಆದರೆ ತೂಕದಲ್ಲಿ ಕಡಿಮೆ ಮಾಡುವವನೂ ಲೆಕ್ಕ ಬಲ್ಲವನೇ, ಅದನ್ನು ಹಿಡಿಯುವವನೂ ಲೆಕ್ಕ ಬಲ್ಲವನಾಗಿರಬೇಕು. ಒಳ್ಳೆಯವರು ಲೆಕ್ಕವನ್ನು ಬಿಟ್ಟುಕೊಟ್ಟರೆ ಅದು ಕೆಟ್ಟವರ ಕೈಯಲ್ಲಿ ಮಾತ್ರ ಉಳಿಯುತ್ತದೆ. ಭಂಡಾರದ ಕೀಲಿಕೈ ಹಿಡಿದೂ ಕೈ ಶುದ್ಧವಾಗಿಟ್ಟುಕೊಂಡವರ ಪರಂಪರೆಗೆ ಲೆಕ್ಕದ ಪುಸ್ತಕ ಅಸ್ಪೃಶ್ಯವಾಗಬೇಕಾಗಿಲ್ಲ.

ಬರುವ ವರ್ಷವೂ ಫಲಿತಾಂಶ ಬರುತ್ತದೆ, ಹೂವು ಹಣ್ಣು ಕಾಯಿ ಹಿಡಿದು ತಂದೆತಾಯಿ ಬರುತ್ತಾರೆ, ಹಿರಿಯರು ಅದೇ ಪ್ರಶ್ನೆ ಕೇಳುತ್ತಾರೆ. ಅಂದು ಒಬ್ಬ ಹುಡುಗನಾದರೂ, ಒಬ್ಬ ಹುಡುಗಿಯಾದರೂ "ಉಗ್ರಾಣದ ಲೆಕ್ಕ ಒಂದು ತಿಂಗಳು ಬರೆದಿದ್ದೇನ್ರಿ, ದಾಸ್ತಾನು ನೋಡಿಕೊಳ್ಳುವ ಕೆಲಸ ಚೆನ್ನಾಗಿ ಮಾಡಬಲ್ಲೆ, ಅಂಥದ್ದು ಹುಡುಕುತ್ತಿದ್ದೇನೆ" ಎಂದರೆ ಸಾಕು. "ಯಾವುದಾದರೂ" ಎಂಬ ಪದ ಅಲ್ಲಿಗೆ ಬಿದ್ದುಹೋಯಿತು. ಕೆಲಸವನ್ನು ಬೇಡುವವನು ಹೋಗಿ ಕೆಲಸವನ್ನು ಬಲ್ಲವನು ಬಂದನು. ಕಾಯಕದ ಬಗ್ಗೆ ವೇದಿಕೆಯಿಂದ ಹೇಳುವ ನೂರು ಮಾತುಗಳಿಗಿಂತ ಆ ಒಂದು ಉತ್ತರ ಹೆಚ್ಚಿನದು.